ಹುಳುಮನೆಯ ಬಾಗಿಲಲ್ಲಿ ತಡೆದದ್ದು

ಯಾರು, ಯಾವ ಮದುವೆಯಲ್ಲಿ ನನ್ನನ್ನು ಎಬ್ಬಿಸಿ ಎರಡನೆಯ ಪಂಕ್ತಿಗೆ ಕಳಿಸಿದರೆಂಬುದು ಇಂದಿಗೂ ನೆನಪಿದೆ, ಯಾರನ್ನೂ ಕ್ಷಮಿಸಿಲ್ಲ. ಇಲ್ಲಿ ಬರೆಯುತ್ತಿರುವುದು ಮಾತ್ರ ನಾನೇ ಮಾಡಿದ ಅವಮಾನವನ್ನು.

ಹೊಂಗನೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಬಿಡದಿಯ ಕಡೆ ಕಾರ್ಖಾನೆಗಳೆದ್ದು, ಕೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಂಪನಿ ವ್ಯಾನು ಹತ್ತಿದ ವರ್ಷಗಳವು. ಉಳಿದ ಇಬ್ಬರು ಆಳುಗಳನ್ನಿಟ್ಟುಕೊಂಡು ಹುಳುಮನೆಯನ್ನು ನಡೆಸುತ್ತಿದ್ದವರು ತೀರಿಹೋದ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಮೇವು ಬಿಟ್ಟು ಹಣ್ಣಾದ ಹುಳುವನ್ನು ಗುರುತಿಸಿ ಚಂದ್ರಿಕೆಗೆ, ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡುವುದರಲ್ಲಿ ಅವರ ಕಣ್ಣು ತಪ್ಪಿದ್ದಿಲ್ಲ.

ಅವರಿಗೆ ಕೆಮ್ಮು ಹಿಡಿಯಿತು. ಕಫದಲ್ಲಿ ರೋಗಾಣು ಕಂಡಿತೆಂದು ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆ ಕೊಟ್ಟರು. ಹುಳುವಿಗೆ ರೋಗ ಬಾರದಿರಲೆಂದು ಹೊರಗಿನವರನ್ನು ಒಳಗೆ ಬಿಡದಿರುವುದು ನಮ್ಮ ಕಸುಬಿನ ಕಟ್ಟುಪಾಡು. ಅದನ್ನೇ ಹಿಡಿದು, ಆಳುಗಳೆದುರು ಅವರನ್ನು ಬಾಗಿಲಲ್ಲಿ ತಡೆದೆ. ಮನುಷ್ಯರ ಕೆಮ್ಮು ಹುಳುವಿಗೆ ತಾಗುತ್ತದೆಯೇ ಎಂದು ಯಾರನ್ನೂ ಕೇಳಲಿಲ್ಲ.

“ಹುಳಕ್ಕೇನಾದ್ರೂ ಆದಾತು ಅಂತ ಭಯಾನಾ? ನಂಗೇನಾಗೈತೆ ಅಂತ ಒಂದ್ಮಾತು ಕೇಳ್ಲಿಲ್ವಲ್ಲಪ್ಪ,” ಎಂದರು.

ಆರು ತಿಂಗಳ ಮಾತ್ರೆ ಮುಗಿದರೂ ಕೆಮ್ಮು ನಿಲ್ಲಲಿಲ್ಲ. ಬೆಂಗಳೂರಿನ ವೈದ್ಯರು ಮತ್ತೆ ಮತ್ತೆ ಕಫ ತೆಗೆಸಿ, ರೋಗಾಣುವನ್ನು ಬೆಳೆಸಿ ನೋಡಿ, ವಾರಗಳ ನಂತರ ತಿಳಿಸಿದರು: ಇದು ಕ್ಷಯವಲ್ಲ, ಅದೇ ಕುಲದ, ನೀರಿನಲ್ಲೂ ಮಣ್ಣಿನಲ್ಲೂ ಇರುವ ಬೇರೊಂದು ರೋಗಾಣು, ಮೊದಲೇ ಹಾಳಾದ ಶ್ವಾಸಕೋಶದಲ್ಲಿ ನೆಲೆಯೂರುತ್ತದೆ, ಮನೆಯವರಿಗೆ ಅಂಟುವುದು ಇಲ್ಲವೆನ್ನುವಷ್ಟು ಅಪರೂಪ. ಮೂರು ಬಗೆಯ ಔಷಧ, ಕಫ ಶುದ್ಧವಾದ ಮೇಲೂ ಒಂದು ವರ್ಷ. ಅತ್ತಿಗೆ ವಾಂತಿ ಮಾಡಿಕೊಂಡು, ಔಷಧ ದೃಷ್ಟಿಗೆ ತೊಂದರೆ ಮಾಡಬಹುದೆಂದು ಕಣ್ಣಿನ ಪರೀಕ್ಷೆಗೆ ಓಡಾಡಿಕೊಂಡು, ಒಂದು ದಿನವೂ ತಪ್ಪಿಸದೆ ನುಂಗಿದರು. ಅಂಟುವುದಿಲ್ಲವೆಂದು ತಿಳಿದ ಮೇಲೂ ನಾನು ಅವರನ್ನು ಹುಳುಮನೆಗೆ ಕರೆದಿರಲಿಲ್ಲ.

ಮಾತ್ರೆ ನಿಂತ ವಾರ ಹುಳು ಹಣ್ಣಾಗಿದ್ದವು. ತಡೆದದ್ದು ಆಳುಗಳೆದುರು, ಕರೆಯುವುದೂ ಅವರೆದುರೇ ಆಗಬೇಕೆಂದು ನಿಶ್ಚಯಿಸಿದ್ದೆ. ತಪ್ಪಾಯಿತು ಎಂಬ ಮಾತು ನಾಲಿಗೆಗೆ ಬರಲಿಲ್ಲ. ಬಂದು ಹುಳು ಆರಿಸಿಕೊಡಿ ಎಂದಷ್ಟೇ ಹೇಳಿದೆ.

“ಈಗ ಕೆಮ್ಮಿಲ್ಲ, ಕರೀತಿದ್ದೀಯ. ನಾಳಿಕ್ಕೆ ತಿರ್ಗ ಬಂದ್ರೆ?”

ಈ ಕಾಯಿಲೆ ಮರಳಬಹುದೆಂದು ವೈದ್ಯರು ಎಚ್ಚರಿಸಿದ್ದರು. ಕೆಮ್ಮು ತಿರುಗಿ ಬಂದರೂ ಒಳಗೆ ಬನ್ನಿ ಎನ್ನುವುದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ನಾನು ಆಳುಗಳ ಮುಖ ನೋಡಿದೆ. ಅತ್ತಿಗೆ ಒಂದಿಷ್ಟು ಕಾದು, ಅಡುಗೆಮನೆಗೆ ಹೊರಟುಹೋದರು.