ಕಾಗವಾಡದ ಗೆಜ್ಜೆ ಗಾಣ

ಅಥಣಿ ಬಸ್ಸಿಗೆ ಕಾಯುತ್ತ ಕಾಗವಾಡದಲ್ಲಿ ಒಂದು ಗ್ಲಾಸ್ ಕಬ್ಬಿನ ಹಾಲು ಹೇಳಿದ್ದೆ. ಮೋಟಾರಿನ ಗಾಣದ ಚಕ್ರಕ್ಕೆ ಗೆಜ್ಜೆ ಕಟ್ಟಿತ್ತು. ಅಂಗಡಿಯವನ ಮಗಳು ಚೆನ್ನೈನ ಸಂಗೀತ ಶಾಲೆಯಲ್ಲಿ ಕಲಿತವಳು. ರಾಕ್ ಹಾಡುಗಳನ್ನು ತಾನೇ ಬರೆದು ಹಾಡುತ್ತಾಳೆ. ಆ ಗೆಜ್ಜೆಯ ತಾಳಕ್ಕೆ ಗಿಟಾರ್ ನುಡಿಸುತ್ತ ಹೊಸ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ನನ್ನ ಗ್ಲಾಸಿಗೆಂದು ಗಾಣಕ್ಕೆ ಹಾಕಿದ ಕಬ್ಬು ಮುಗಿದದ್ದೇ ತಡ, ಹಾಡು ನಿಲ್ಲಿಸಿಬಿಟ್ಟಳು.

"ಖಾಲಿ ಗಾಣ ಜೋರ ಓಡ್ತೈತಿ ಅಪ್ಪಾ, ತಾಳ ಕೆಡ್ತೈತಿ. ಕಬ್ಬ ಹಾಕ."

ಅಪ್ಪ ಹೆಮ್ಮೆಯಿಂದ ನನ್ನತ್ತ ತಿರುಗಿದ. "ಇಪ್ಪತ್ತ ವರ್ಸಾತ್ರಿ, ಈ ಫರಕ ನನ್ನ ಕಿವಿಗೆ ಬಿದ್ದಿದ್ದಿಲ್ಲ. ಇನ್ನೊಂದ ಗ್ಲಾಸ್ ಕುಡೀತೀರೇನ್ರಿ?"

ಹೂಂ ಅಂದೆ. ಅವಳು ಮೊದಲಿನಿಂದ ಹಾಡಿದಳು. ಎಂಥ ದನಿ! ಹಾಡು ಅರ್ಧಕ್ಕೆ ಬಂದಾಗ ನನ್ನ ಬಸ್ಸು ಬಂದು ನಿಂತಿತು. ಎರಡನೆಯ ಗ್ಲಾಸಿನ ಕೊನೆಯ ಕಬ್ಬು ಗಾಣದೊಳಗೆ ಸರಿಯುತ್ತಿತ್ತು. ರೆಕಾರ್ಡಿಂಗಿನಲ್ಲಿ ನನ್ನ ದನಿ ಬೀಳದಿರಲೆಂದು ಬಾಯಿ ತೆರೆಯದೆ, ಮೂರನೆಯ ಗ್ಲಾಸಿಗೆ ಬೆರಳೆತ್ತಿದೆ.