ಇಬ್ಬರು ಗಾಯಕಿಯರು, ಒಂದೇ ಧಾಟಿ

“ಈ ಹೊಸಾಕಿ ಬರೇ ಕಾಪಿ ಹೊಡಿತಾಳ. ಮೊದಲಿನಾಕಿ ಮುಂದ ಇಕಿ ಏನೂ ಅಲ್ಲ,” ಎಂದು ಕಾಲೇಜು ಹುಡುಗಿಯೊಬ್ಬಳು ಗೆಳತಿಗೆ ಮೊಬೈಲ್ ತೋರಿಸಿದಾಗ, ನಾನು ಅಳತೆ ತೆಗೆಯುತ್ತಿದ್ದ ಹೆಂಗಸಿನ ತೋಳು ಸೆಟೆದುಕೊಂಡಿತು. ರಬಕವಿಯ ನನ್ನ ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ಹೋದ ತಿಂಗಳು ನಡೆದದ್ದಿದು.

ಯೂಟ್ಯೂಬ್‌ನಲ್ಲಿ ಹೆಸರು ಮಾಡಿರುವ ನಮ್ಮ ಭಾಗದ ಇಬ್ಬರು ಜಾನಪದ ಗಾಯಕಿಯರ ಅಭಿಮಾನಿಗಳು ಆ ಹುಡುಗಿಯರು. ಒಬ್ಬೊಬ್ಬರದು ಒಂದೊಂದು ಪಕ್ಷ. ಹೆಂಗಸರ ಹೊಟ್ಟೆಕಿಚ್ಚು ಎಲ್ಲಿ ಹೋದೀತು ಎಂದು ನಾನೂ ನಕ್ಕು ಒಂದು ಮಾತು ಸೇರಿಸಿದೆ.

ಆ ಹೆಂಗಸು ಮುಖಕ್ಕೆ ಸುತ್ತಿದ್ದ ದುಪಟ್ಟಾ ಬಿಚ್ಚಿದಳು. ಮೊಬೈಲಿನಲ್ಲಿ ಹಾಡುತ್ತಿದ್ದ ‘ಹೊಸಾಕಿ’ಯೇ ನಮ್ಮೆದುರು ನಿಂತಿದ್ದಳು.

“ಆಕಿ ಹಾಡಿಗೂ ನನ್ನ ಹಾಡಿಗೂ ಧಾಟಿ ಹಾಕಿದಾಂವ ಒಬ್ಬನ ಅದಾನ್ರಿ ಅಕ್ಕಾ. ಒಂದ ಧಾಟಿ ಇಬ್ಬರಿಗೂ ಕೊಟ್ಟಾನ. ಬೈಸಿಕೊಳ್ಳಾಕ ಮಾತ್ರ ನಾವಿಬ್ಬರು. ಪಾಪ, ಆಕಿನೂ ನಿನ್ನೆ ಫೋನ್ ಮಾಡಿ ಅತ್ತಳು,” ಎಂದಳು.

ಹುಡುಗಿ ಎರಡೂ ವಿಡಿಯೋ ತೆರೆದು ನೋಡಿದಳು. ಎರಡರ ಕೆಳಗೂ ಸಂಗೀತ ಮಾಡಿದವನ ಹೆಸರು ಒಂದೇ ಇತ್ತು. ಅಷ್ಟೊಂದು ಕಮೆಂಟುಗಳಲ್ಲಿ ಅವನನ್ನು ಕೇಳಿದವರು ಒಬ್ಬರೂ ಇರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ನಾನಾಡಿದ ಮಾತಿಗೆ ನಾಚಿಕೆಯೂ ಆಯಿತು. ಆಕೆಯ ಕ್ಷಮೆ ಕೇಳಿದೆ. ಹುಡುಗಿಯರು ತಲೆ ತಗ್ಗಿಸಿ ಹೊರಟುಹೋದರು.

ಅಂದು ಸಂಜೆಯೇ ಎರಡೂ ವಿಡಿಯೋಗಳ ಕೆಳಗೆ, ಒಂದೇ ಧಾಟಿಯನ್ನು ಇಬ್ಬರಿಗೆ ಯಾಕೆ ಕೊಟ್ಟಿರಿ ಎಂದು ಅವನನ್ನೇ ಕೇಳಿ ಬರೆದೆ. ಅವನಿಂದ ಇದುವರೆಗೆ ಉತ್ತರವಿಲ್ಲ. ‘ನಿನಗ್ಯಾಕ ಬೇಕು, ಮನ್ಯಾಗ ರೊಟ್ಟಿ ಬಡಿ’ ಎಂದು ನನಗೆ ಬುದ್ಧಿ ಹೇಳಿದ ಗಂಡಸರು ಮಾತ್ರ ಬಹಳ ಮಂದಿ. ಪ್ರಶ್ನೆಯನ್ನು ನಾನು ಅಳಿಸಿಲ್ಲ.