ಮಾಸ್ತಮ್ಮನ ಹಾಲಿನ ಚಾ

ಅಘನಾಶಿನಿ ಹೊಳೆಯ ಕೆಸರಲ್ಲಿ ಬಳಚಿನ ಚಿಪ್ಪು ಹೆಕ್ಕಿ ಬದುಕಿದ ಮಾಸ್ತಮ್ಮನ ಮನೆಯಲ್ಲಿ ಕುಡಿಯುವುದೆಂದರೆ ಗಂಜಿ ತಿಳಿ, ತಪ್ಪಿದರೆ ಬೆಲ್ಲದ ಕರಿ ಚಾ. ಹಾಲಿಲ್ಲದ ಚಾ ಕೊಟ್ಟ ಮನೆಯೆಂದು ಮಗಳು ಮಂಜಿಗೆ ಬಂದ ಎರಡು ಸಂಬಂಧ ಮುರಿದಿದ್ದವು. ಎಪ್ಪತ್ತೆಂಟನೇ ಇಸವಿಯಲ್ಲಿ ಕುಮಟೆಯ ಜವಾನನೊಬ್ಬನ ಕಡೆಯವರು ಬರುತ್ತಾರೆಂದಾಗ ಮಾಸ್ತಮ್ಮ ಸಕ್ಕರೆಯನ್ನೂ ಹಾಲನ್ನೂ ತಂದಿಟ್ಟಳು. ಹಾಳು ಬಸ್ಸು ಕೈಕೊಟ್ಟು ಅವರು ಬಂದದ್ದು ಮುಸ್ಸಂಜೆಗೆ. ಅಷ್ಟರಲ್ಲಿ ಹಾಲು ಹುಳಿಯಾಗಿತ್ತು. ಆಕಳಿದ್ದ ಮನೆಗೆ ಓಡಿದರೆ ಆ ಮನೆಯಾಕೆ, "ದೀಪ ಹಚ್ಚಿದ ಮೇಲೆ ಹಾಲು ಕೊಡೂದಿಲ್ಲ, ಮಾಸ್ತಿ" ಎಂದುಬಿಟ್ಟಳು. ದಿಕ್ಕು ತೋಚದೆ ಮಾಸ್ತಮ್ಮ ತೆಂಗಿನಕಾಯಿ ಹಾಲನ್ನೇ ಚಾಕ್ಕೆ ಹೊಯ್ದು ಕುದಿಸಿದಳು. ಅದು ಒಡೆದು ಮೇಲೆ ಎಣ್ಣೆ ತೇಲಿತು. ಬಂದ ಐವರೂ ಲೋಟ ಮುಟ್ಟದೆ ಎದ್ದು ಹೋದರು.

ಮಂಜಿ ನಿಂತಲ್ಲೇ ಒಂದೊಂದಾಗಿ ಐದೂ ಲೋಟ ಕುಡಿದಳು. "ಸಕ್ಕರೆ ಹಾಕಿದ್ದು ಅವ್ವಿ, ಚೆಲ್ಲೂಕೆ ಆಗ್ತದ್ಯಾ?"